ಪ್ರತಿಕ್ರಿಯೆ: ವಿದೇಶಿ ಸಾಧಕರ ದೇಣಿಗೆ ಮಡಿಕೇರಿ ಖಾತೆಗೆ ಬರಬಹುದೇ?

ನಿಮ್ಮ ಧ್ಯಾನ ಬಳಗದ ಟ್ರಸ್ಟ್‌ಗೆ ಹೊರದೇಶದ ಫೌಂಡೇಶನ್ ಮಡಿಕೇರಿಯ ಖಾತೆಗೇ ನೇರವಾಗಿ ಹಣ ಹಾಕಬಹುದೇ ಅಂತ ಕೇಳಿದ್ದೀರಿ. ಆಗದು. ಮೊದಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು: ಟ್ರಸ್ಟ್ ಶುರುವಾಗಿ 3 ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ಮೂಲ ಉದ್ದೇಶಕ್ಕೆ ₹15 ಲಕ್ಷ ಖರ್ಚಾಗಿರಬೇಕು. ಹೊಸ ಟ್ರಸ್ಟಾದರೆ ದಾನಿಯ ಒಪ್ಪಿಗೆ ಪತ್ರವಿಟ್ಟು, ನಿರ್ದಿಷ್ಟ ಮೊತ್ತಕ್ಕೆ ಪೂರ್ವಾನುಮತಿ ಕೇಳಿ (ಫಾರಂ ಎಫ್‌ಸಿ-3ಬಿ). ಹಣ ಮೊದಲು ಇಳಿಯುವುದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಗೆ. ಅಲ್ಲಿಂದ ನಿಮ್ಮೂರಿನ ಬಳಕೆ ಖಾತೆಗೆ.

ಹೆಚ್ಚಿನವರು ಎಡವುವುದು ಇಲ್ಲಿ: ನೋಂದಣಿಯಿರುವ ಇನ್ನೊಂದು ಆಶ್ರಮದ ಮೂಲಕ ತರಿಸಿಕೊಳ್ಳೋಣ ಅಂತ. 2020ರ ತಿದ್ದುಪಡಿ ಆ ದಾರಿ ಮುಚ್ಚಿದೆ. ಬಂದ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೂ 20% ಮಿತಿ. ಆದರೆ ದುಬೈಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟೇ ಇರುವ ಸಾಧಕರು ಸ್ವಂತ ಗಳಿಕೆಯನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಳ್ಳಿ. ಒಸಿಐ ಕಾರ್ಡಿನವರಿಗೆ (ವಿದೇಶಿ ಪೌರತ್ವವಿರುವ ಭಾರತ ಮೂಲದವರಿಗೆ) ಈ ವಿನಾಯಿತಿ ಇಲ್ಲ.