ಪಿ ವ್ಯಾಲ್ಯೂ 0.03 ಬಂದರೆ ಊಹೆ 97% ನಿಜ ಅಂತಲಾ?

ಪ್ರಶ್ನೆ: ಸೈಕಾಲಜಿ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ತಲಾ 20 ಜನರ ಎರಡು ಗುಂಪು ಮಾಡಿದ್ದೆ. ಪಿ ವ್ಯಾಲ್ಯೂ 0.09 ಬಂತು. ಗುಂಪಿಗೆ ಇನ್ನೂ 10 ಜನರನ್ನು ಸೇರಿಸಿದೆ, 0.03ಕ್ಕೆ ಇಳಿಯಿತು. ಅಂದರೆ ನನ್ನ ಊಹೆ 97% ನಿಜ ಅಲ್ವಾ?

ಉತ್ತರ: ಅಲ್ಲ. ಬೇಜಾರಾಗಬೇಡಿ, ಪಾಠ ಮಾಡುವವರೂ ಈ ತಪ್ಪು ಮಾಡುತ್ತಾರೆ. ಗುಂಪುಗಳ ನಡುವೆ ನಿಜವಾಗಿ ಏನೂ ವ್ಯತ್ಯಾಸ ಇಲ್ಲ ಅಂದುಕೊಂಡರೂ, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಕಾಣಿಸುವ ಸಾಧ್ಯತೆ 3% ಎನ್ನುವುದಷ್ಟೇ ಅದರ ಅರ್ಥ.

ಒಂದು ಲೆಕ್ಕ ಹಾಕೋಣ. 1000 ಊಹೆಗಳಲ್ಲಿ 100 ಮಾತ್ರ ನಿಜ ಅಂದುಕೊಳ್ಳಿ. ಸಣ್ಣ ಸ್ಯಾಂಪಲ್ ಆದ್ದರಿಂದ ಅದರಲ್ಲಿ ಅರ್ಧ, ಅಂದರೆ 50 ಮಾತ್ರ ಕೈಗೆ ಸಿಗುತ್ತವೆ. ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶ 'ಸಿಗ್ನಿಫಿಕೆಂಟ್' ಅನ್ನುವುದು ರೂಢಿ, ಹಾಗಾಗಿ ಸುಳ್ಳಾಗಿರುವ 900ರಲ್ಲಿ 5%, ಅಂದರೆ 45, ಆ ಹೆಸರಲ್ಲಿ ಒಳಗೆ ನುಸುಳುತ್ತವೆ. ಗೆದ್ದ 95ರಲ್ಲಿ ಹತ್ತಿರಹತ್ತಿರ ಅರ್ಧ ಪೊಳ್ಳು! 'ಸಣ್ಣ ಸ್ಯಾಂಪಲ್' ಅಂದಿದ್ದು ನಿಮಗೂ ಸೇರಿಸಿಯೇ: ಮಧ್ಯಮ ಗಾತ್ರದ ಪರಿಣಾಮ (ಗುಂಪುಗಳ ವ್ಯತ್ಯಾಸ ಅಳೆಯುವ ಡಿ = 0.5) ಹಿಡಿಯಲು 80% ಪವರ್, ಅಂದರೆ ನಿಜವಾದ ಪರಿಣಾಮ ಇದ್ದರೆ ಅದು ಕೈಗೆ ಸಿಗುವ ಸಾಧ್ಯತೆ, ಬೇಕೆಂದರೆ ಗುಂಪಿಗೆ 64 ಜನ ಬೇಕು, 30 ಜನರಿದ್ದರೆ ಪವರ್ 50% ಕೂಡ ಮುಟ್ಟುವುದಿಲ್ಲ.

ಇನ್ನು ಆ ಹತ್ತು ಜನರ ವಿಷಯ. ಅಸಲಿ ತೊಂದರೆ ಇರುವುದು ಇಲ್ಲೇ. 0.09 ಬಂದಾಗ ಮುಂದುವರಿಸಿದಿರಿ, 0.03 ಬಂದಾಗ ನಿಲ್ಲಿಸಿದಿರಿ. ಮೊದಲೇ 0.03 ಬಂದಿದ್ದರೆ ಇನ್ನೂ ಹತ್ತು ಜನರನ್ನು ಹುಡುಕುತ್ತಿದ್ದಿರಾ? ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಎಂಬ ಮೂವರು ಸಂಶೋಧಕರು 2011ರಲ್ಲಿ ಸರಿಯಾಗಿ ಇದನ್ನೇ, 20 ಆದಮೇಲೆ ಇನ್ನೂ 10, ಕಂಪ್ಯೂಟರ್‌ನಲ್ಲಿ ಆಡಿಸಿ ನೋಡಿದರು. 5% ಇರಬೇಕಾದ ಸುಳ್ಳು ಫಲಿತಾಂಶ 7.7% ಆಯಿತು. ಇಂಥ ನಾಲ್ಕು ಸಲಿಗೆ ಒಟ್ಟಿಗೆ ತೆಗೆದುಕೊಂಡರೆ ಸುಮಾರು 61%. ಅದೇ ದಾರಿಯಲ್ಲಿ, ಒಂದು ಹಾಡು ಕೇಳಿದವರ ವಯಸ್ಸು ಹೆಚ್ಚುಕಮ್ಮಿ ಒಂದೂವರೆ ವರ್ಷ ಕಡಿಮೆಯಾಯಿತು ಅಂತಲೂ ಅವರು 'ಸಾಬೀತು' ಮಾಡಿ ತೋರಿಸಿದರು. ಬೇಕಂತಲೇ ಮಾಡಿದ್ದು, ಬಿಡಿ.

ಇದು ನಗುವ ವಿಷಯವೇನಲ್ಲ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಹೊಸದಾಗಿ ಮಾಡಿ ನೋಡಿದ ಫಲಿತಾಂಶ 2015ರಲ್ಲಿ ಬಂತು. ಮೂಲದಲ್ಲಿ 97% ಸಿಗ್ನಿಫಿಕೆಂಟ್ ಆಗಿದ್ದವು, ಮರುಪ್ರಯೋಗದಲ್ಲಿ 36% ಮಾತ್ರ.

ನೀವು ಮಾಡಿದ್ದು ಮೋಸ ಅಂತ ನಾನು ಹೇಳುವುದಿಲ್ಲ, ಮುಚ್ಚಿಟ್ಟರೆ ಮಾತ್ರ ಮೋಸವೇ. 0.09 ಬಂದಿದ್ದು, ಆಮೇಲೆ ಜನ ಸೇರಿಸಿದ್ದು, ಎರಡನ್ನೂ ಪ್ರಾಜೆಕ್ಟ್ ವರದಿಯಲ್ಲಿ ಬರೆಯಿರಿ. ಎಫೆಕ್ಟ್ ಸೈಜ್ (ವ್ಯತ್ಯಾಸ ಎಷ್ಟು ದೊಡ್ಡದು), ಕಾನ್ಫಿಡೆನ್ಸ್ ಇಂಟರ್ವಲ್ (ಆ ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಇರಬಹುದು) ಕೊಡಿ. ಸಮಯವಿದ್ದರೆ ಎಷ್ಟು ಜನ, ಯಾವ ಟೆಸ್ಟ್ ಅಂತ ಮೊದಲೇ ಬರೆದಿಟ್ಟು ಹೊಸ ಗುಂಪುಗಳ ಮೇಲೆ ಪ್ರಯೋಗ ಮಾಡಿ, ಹಳೆಯ 60 ಜನರ ಡೇಟಾ ಅದಕ್ಕೆ ಬೆರೆಸಬೇಡಿ.