ಅಡ್ರಿನಲ್ ಕ್ಯಾಪ್ಸೂಲ್ ತಗೊಂಡ ಮೇಲೆ ಕಾಲೂತ: ಪ್ರತಿಕ್ರಿಯೆ

ಮೂತ್ರಪಿಂಡದ ಮೇಲಿರೋ ಅಡ್ರಿನಲ್ ಗ್ರಂಥಿಗೆ ಬಲ ಕೊಡುತ್ತೆ ಅಂತ ಮಾರೋ ಅಡ್ರಿನಲ್ ಸಪೋರ್ಟ್ ಕ್ಯಾಪ್ಸೂಲ್ ಮೂರು ವಾರ ತಗೊಂಡ ಮೇಲೆ ಕಾಲೂತ, ತಲೆನೋವು, ಎದೆ ಡವಡವ. ನಿಲ್ಲಿಸಲಾ ಅಂತ ಮಂಡ್ಯದಿಂದ ಕೇಳಿದ್ದೀರಿ. ಮೊದಲು ಡಬ್ಬಿ ಹಿಂದಿನ ಪಟ್ಟಿ ಓದಿ. ಅತಿಮಧುರ ಇದ್ದರೆ ನನ್ನ ಅನುಮಾನ ಅದರ ಮೇಲೇ. ಅದರಲ್ಲಿರೋ ಗ್ಲಿಸಿರೈಜಿನ್‌ನಿಂದಾಗಿ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಒಂದು ಹಾರ್ಮೋನ್), ಉಪ್ಪು ಹಿಡಿದಿಡೋ ಹಾರ್ಮೋನ್ ಆಲ್ಡೋಸ್ಟಿರಾನ್ ಥರ ಕೆಲಸ ಮಾಡುತ್ತೆ: ಉಪ್ಪು, ನೀರು ಮೈಯಲ್ಲೇ ಉಳಿದು ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ಬಿಟ್ಟ ಮೇಲೂ ಒಂದೆರಡು ವಾರ ಕಾಡಬಹುದು. ಬಿಪಿ, ಪೊಟ್ಯಾಸಿಯಂ, ಇಸಿಜಿ ಇವತ್ತೇ ಮಾಡಿಸಿ. ಮದ್ದೂರು ಎಳನೀರು ಕುಡಿದರೆ ಸರಿಹೋಗುತ್ತೆ ಅಂತ ಕೂರಬೇಡಿ.

ಪಟ್ಟಿಯಲ್ಲಿ ಪ್ರಾಣಿಯ ಅಡ್ರಿನಲ್ ಗ್ರಂಥಿಯ ಸಾರ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಏಕಾಏಕಿ ಬಿಡಬೇಡಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಸೇರಿರಬಹುದು, ಅದರಿಂದ ನಿಮ್ಮ ಸ್ವಂತ ಅಡ್ರಿನಲ್ ಗ್ರಂಥಿ ಮಂಕಾಗಿ ಕಾರ್ಟಿಸಾಲ್ ಕಡಿಮೆ ತಯಾರಿಸುತ್ತಿರಬಹುದು. ಬೆಳಗ್ಗೆ 8 ಗಂಟೆಯ ಕಾರ್ಟಿಸಾಲ್ ಪರೀಕ್ಷೆ ಕೇಳಿ. ಅಶ್ವಗಂಧವೂ ಇದ್ದು ಕಣ್ಣು ಹಳದಿಯಾದರೆ ಲಿವರ್ ಪರೀಕ್ಷೆ. ಡಬ್ಬಿ ಎಸೀಬೇಡಿ, ಡಾಕ್ಟರಿಗೆ ತೋರಿಸಿ.