ಪ್ರಶ್ನೋತ್ತರ: ಗ್ಯಾಸ್ ಪೈಪ್‌ಲೈನಿಗೆ ಹೊಸ ಸಂಪರ್ಕ

ಪ್ರಶ್ನೆ: ಅಮೆರಿಕದಲ್ಲಿ ನಾನಿರುವ ಕಾರ್ಖಾನೆ, ಊರಿನ ಗ್ಯಾಸ್ ವಿತರಣಾ ಕಂಪನಿಯನ್ನು ಬಿಟ್ಟು ಅಂತರರಾಜ್ಯ ಪೈಪ್‌ಲೈನಿನಿಂದಲೇ ಅನಿಲ ಪಡೆಯಬೇಕೆಂದಿದೆ. ಅನುಮತಿಗೆ ಎಷ್ಟು ದಿನ ಬೇಕು?

ಉತ್ತರ: ಅರ್ಜಿ ಹಾಕಬೇಕಾದ್ದು ನೀವಲ್ಲ, ಪೈಪ್‌ಲೈನ್ ಕಂಪನಿ. ಅದಕ್ಕೆ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್ನಿನ ಬ್ಲಾಂಕೆಟ್ ಸರ್ಟಿಫಿಕೇಟ್ (ವಾಡಿಕೆಯ ಕೆಲಸಗಳಿಗೆ ಒಟ್ಟಾಗಿ ಮುಂಚೆಯೇ ಕೊಟ್ಟ ಅನುಮತಿ) ಇದ್ದರೆ, ಸಾಮಾನ್ಯವಾಗಿ ಹೊಸ ವಿತರಣಾ ಬಿಂದುವಿಗೆ, ಅಂದರೆ ಪೈಪ್‌ಲೈನಿನಿಂದ ಗಿರಾಕಿಗೆ ಅನಿಲ ಕೊಡುವ ಜಾಗಕ್ಕೆ, ಪ್ರತ್ಯೇಕ ಅನುಮತಿ ಬೇಡ. ನಿಮ್ಮ ಸಂಗತಿ ಬೇರೆ. ಈಗಾಗಲೇ ಸ್ಥಳೀಯ ವಿತರಕರ ಗಿರಾಕಿಯಾಗಿರುವುದರಿಂದ ಕಮಿಷನ್ನಿನ ನಿಯಮ 157.211ರಡಿ ಪೈಪ್‌ಲೈನ್ ಕಂಪನಿ ಅದಕ್ಕೆ ಪೂರ್ವಸೂಚನೆ ಕೊಡುವುದು ಕಡ್ಡಾಯ. ಕಮಿಷನ್ ಅದನ್ನು ಪ್ರಕಟಿಸಿದ ಮೇಲೆ ಆಕ್ಷೇಪಣೆಗೆ 60 ದಿನ. ಯಾರೂ ತಕರಾರು ಎತ್ತದಿದ್ದರೆ ಆ ಗಡುವು ಮುಗಿದ ಮರುದಿನವೇ ಅನುಮತಿ ಸಿಕ್ಕಂತೆ. ಎತ್ತಿದರೆ ರಾಜಿಗೆ ಮತ್ತೆ 30 ದಿನ. ಆಗಲೂ ಬಗೆಹರಿಯದಿದ್ದರೆ ನ್ಯಾಚುರಲ್ ಗ್ಯಾಸ್ ಕಾಯ್ದೆಯ ಸೆಕ್ಷನ್ 7ರ ಪೂರ್ಣ ಅರ್ಜಿಯಾಗಿ ವಿಚಾರಣೆ. ದೊಡ್ಡ ಗಿರಾಕಿ ಕೈತಪ್ಪುವಾಗ ವಿತರಕ ಸುಮ್ಮನಿರುತ್ತಾನೆಂದು ನಂಬಬೇಡಿ, ಮೊದಲೇ ಮಾತಾಡಿ.

ಅಳಿವಿನಂಚಿನ ಜೀವಿಗಳು, ಚಾರಿತ್ರಿಕ ಸ್ಥಳಗಳ ಕುರಿತ ಇಲಾಖೆಗಳ ಒಪ್ಪಿಗೆಯೂ ಬೇಕು; ಜಾಗ ಚಿಕ್ಕದೆಂದು ಇದನ್ನು ಕಡೆಗಣಿಸಬೇಡಿ.

ಇನ್ನು ಮೀಟರ್ ಸ್ಟೇಷನ್, ಅಂದರೆ ಅನಿಲವನ್ನು ಅಳೆದು ಒತ್ತಡ ಇಳಿಸಿ ನಿಮಗೆ ಕೊಡುವ ಜಾಗ. ಒತ್ತಡ ಒಂದು ಬಾರ್ ಇಳಿದರೆ ಅನಿಲ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. 40 ಬಾರ್ ಇಳಿಸುವಲ್ಲಿ ರೆಗ್ಯುಲೇಟರ್‌ಗೆ (ಒತ್ತಡ ಇಳಿಸುವ ಸಾಧನ) ಮುಂಚೆ ಹೀಟರ್ ಇಲ್ಲದಿದ್ದರೆ ಚಳಿಗಾಲದಲ್ಲಿ ರೆಗ್ಯುಲೇಟರ್ ಹೆಪ್ಪುಗಟ್ಟಿ ಸರಬರಾಜು ನಿಲ್ಲಬಹುದು. ಹೀಟರಿನ ಜಾಗವನ್ನೂ ಮೊದಲ ನಕ್ಷೆಯಲ್ಲೇ ತೋರಿಸಿ.